ಶಾಂಘೈನಲ್ಲಿ ಮನೆ ಹುಡುಕಿದ್ದು ಯಾರಿಗೋಸ್ಕರ?

(ಪುಣೆಯ ಕನ್ನಡಿಗರ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ ಅಂದರೆ ಅದು ನನ್ನ ಮಾತಿಗೋಸ್ಕರ ಅಲ್ಲ, ಆಮೇಲೆ ಇರೋ ಬಿಸಿಬೇಳೆ ಬಾತಿಗೋಸ್ಕರ ಅಂತ ನನಗೆ ಗೊತ್ತು. ಹಾಗಾಗಿ ಬೇಗ ಮುಗಿಸ್ತೀನಿ.

ನಾನು ಹಾಸನದ ಕಡೆಯವನು. ಪುಣೆಗೆ ಬಂದು ಹದಿನಾರು ವರ್ಷ ಆಯಿತು. ನಡುವೆ ಮೂರು ವರ್ಷ, 2016ರ ಆಗಸ್ಟ್‌ನಿಂದ 2019ರ ಜುಲೈವರೆಗೆ, ಶಾಂಘೈನಲ್ಲಿದ್ದೆ. ಹೆಂಡತಿ, ಮಗಳು ಜೊತೆಗಿದ್ದರು. ಮಗಳಿಗೆ ಆಗ ಐದು ವರ್ಷ. ಆನ್‌ಸೈಟ್ ಅಂದರೆ ಅಮೆರಿಕ, ಲಂಡನ್ ಅಂತಲೇ ನಾವೆಲ್ಲ ಅಂದುಕೊಳ್ಳೋದು. ಚೀನಾ ಅಂದಾಗ ನಮ್ಮಮ್ಮ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ತಿನ್ನೋಕೆ ಏನಿರುತ್ತಪ್ಪಾ?" ಅಂತ. ಊಟದ ಕಥೆ ಇನ್ನೊಂದು ದಿನ ಹೇಳ್ತೀನಿ. ಇವತ್ತು ಮನೆ ಮತ್ತು ಓಡಾಟದ ಕಥೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪಿದೆ. ಮುಂದೆ ಹೋಗುವವರು ಅದನ್ನ ಮಾಡದೇ ಇರಲಿ ಅಂತಲೇ ಈ ಮಾತು.

ನದಿಯ ಆ ಕಡೆ, ಈ ಕಡೆ

ಶಾಂಘೈ ಅರ್ಥ ಆಗಬೇಕಾದರೆ ಮೊದಲು ಹ್ವಾಂಗ್‌ಪು ನದಿ ಅರ್ಥ ಆಗಬೇಕು. ನದಿಯ ಪಶ್ಚಿಮಕ್ಕೆ ಇರೋದು ಪುಶೀ, ಪೂರ್ವಕ್ಕೆ ಇರೋದು ಪುದೋಂಗ್. ಪುಶೀ ಅಂದರೆ ಹಳೇ ಊರು. ಮರಗಳಿರೋ ಸಣ್ಣ ರಸ್ತೆ, ಓಣಿ, ತರಕಾರಿ ಮಾರ್ಕೆಟ್, ರಸ್ತೆಗೇ ಬಾಗಿಲು ತೆರೆದ ಅಂಗಡಿಗಳು. ಪುದೋಂಗ್ 1990ರ ನಂತರ ಎದ್ದ ಊರು. ಫೋಟೊಗಳಲ್ಲಿ ನೀವು ನೋಡೋ ಎತ್ತರದ ಕಟ್ಟಡಗಳು ನದಿಯಂಚಿನ ಲೂಜಿಯಾಜ್ವೇದವು. ಅಲ್ಲಿಂದ ಇನ್ನೂ ಒಳಗೆ ಪೂರ್ವಕ್ಕೆ ಹೋದರೆ ಜಾಂಗ್‌ಜಿಯಾಂಗ್ ಹೈಟೆಕ್ ಪಾರ್ಕ್. 1992ರಲ್ಲಿ ಶುರುವಾದದ್ದು. ಸಾಫ್ಟ್‌ವೇರ್, ಚಿಪ್, ಔಷಧಿ ಕಂಪನಿಗಳೆಲ್ಲ ಅಲ್ಲಿವೆ. ಪುಣೆಯವರಿಗೆ ಒಂದೇ ಮಾತಲ್ಲಿ ಹೇಳಬೇಕಂದರೆ, ಅದು ಅಲ್ಲಿನ ಹಿಂಜವಡಿ. ಆದರೆ ರಸ್ತೆ ಅಗಲ, ಮತ್ತೆ ಮೆಟ್ರೊ ಇದೆ.

ನನ್ನ ಆಫೀಸು ಇದ್ದದ್ದು ಜಾಂಗ್‌ಜಿಯಾಂಗ್‌ನಲ್ಲಿ.

ಹೊರದೇಶದವರಿಗೆ ಅಂತಲೇ ಹೆಸರಾದ ಕೆಲವು ಬಡಾವಣೆಗಳಿವೆ. ಪುದೋಂಗ್‌ನಲ್ಲಿ ಜಿನ್‌ಚಿಯಾವ್, ಪುಶೀಯಲ್ಲಿ ಗುಬೇ. ಗುಬೇಯಲ್ಲಿ ಜಪಾನಿನವರು, ಕೊರಿಯದವರು ಹೆಚ್ಚು. ಕಂಪನಿ ಗೊತ್ತುಮಾಡಿದ ಏಜೆಂಟ್ ಮೊದಲ ದಿನ ನಮ್ಮನ್ನ ಕರೆದುಕೊಂಡು ಹೋಗಿದ್ದೇ ಜಿನ್‌ಚಿಯಾವ್‌ಗೆ. ಮುಂದೆ ಹುಲ್ಲುಹಾಸು, ಹಿಂದೆ ಈಜುಕೊಳ ಇರೋ ವಿಲ್ಲಾಗಳು. ಬಾಡಿಗೆ ಕೇಳಿದ ಮೇಲೆ ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾರಿಗೆ ವಾಪಸ್ ಬಂದೆವು. ಆ ಮನೆಗಳು ಜರ್ಮನಿಯಿಂದಲೋ ಅಮೆರಿಕದಿಂದಲೋ ಬಂದ ದೊಡ್ಡ ಮ್ಯಾನೇಜರುಗಳಿಗೆ. ನಮ್ಮಂಥ ಐಟಿಯವರಿಗೆ ಸಿಗೋದು ಸ್ಥಳೀಯ ಸಂಬಳ, ಮೇಲೊಂದಿಷ್ಟು ಮನೆ ಭತ್ಯೆ. ನನಗೆ ಸಿಗ್ತಿದ್ದ ಭತ್ಯೆ ತಿಂಗಳಿಗೆ 7,000 ಯುವಾನ್. ಆಗ ಒಂದು ಯುವಾನಿಗೆ ಹತ್ತು ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ.

ಮನೆ ಸಿಕ್ಕಿತು

ಆಮೇಲೆ ಆಫೀಸಿನ ಹತ್ತಿರದ ಒಂದು ಬ್ರೋಕರ್ ಅಂಗಡಿಗೆ ನಾವೇ ಹೋದೆವು. ಗಾಜಿನ ಮೇಲೆಲ್ಲ ಮನೆಗಳ ಫೋಟೊ ಅಂಟಿಸಿರ್ತಾರೆ, ಕೆಳಗೆ ಬಾಡಿಗೆ ಬರೆದಿರ್ತಾರೆ. ಒಳಗೆ ಕರಿ ಸೂಟು ಹಾಕಿದ ಹುಡುಗ. ಎಲೆಕ್ಟ್ರಿಕ್ ಸ್ಕೂಟರ್ ತಂದು, ಹಿಂದೆ ಕೂತ್ಕೊಳ್ಳಿ ಅಂದ. ಒಂದು ಮಧ್ಯಾಹ್ನದಲ್ಲಿ ಏಳು ಮನೆ ತೋರಿಸಿದ.

ಅಲ್ಲಿ ಮನೆ ನೋಡುವಾಗ ಎಲ್ಲರೂ ಮೊದಲು ಕೇಳೋದು ದಿಕ್ಕು. ನಮ್ಮಲ್ಲೂ ಕೇಳ್ತಾರೆ, ಆದರೆ ಉಲ್ಟಾ. ನಮ್ಮಲ್ಲಿ ದಕ್ಷಿಣ ಅಂದರೆ ಯಮನ ದಿಕ್ಕು, ಆ ಕಡೆ ಬಾಗಿಲಿದ್ದರೆ ಬಾಡಿಗೆಗೂ ಯೋಚನೆ ಮಾಡ್ತೀವಿ. ಅಲ್ಲಿ ಕಿಟಕಿ, ಬಾಲ್ಕನಿ ದಕ್ಷಿಣಕ್ಕಿದ್ದರೆ ಬಾಡಿಗೆ ಜಾಸ್ತಿ. ಯಾಕೆ ಅಂತ ಆಗಸ್ಟ್‌ನಲ್ಲಿ ನನಗೆ ಗೊತ್ತಾಗಲಿಲ್ಲ, ಜನವರಿಯಲ್ಲಿ ಗೊತ್ತಾಯಿತು. ಚೀನಾದಲ್ಲಿ ಚಿನ್‌ಲಿಂಗ್ ಬೆಟ್ಟ ಮತ್ತು ಹ್ವಾಯ್ ನದಿಯ ಗೆರೆಯಿಂದ ಉತ್ತರಕ್ಕಿರೋ ಊರುಗಳಲ್ಲಿ ಚಳಿಗಾಲಕ್ಕೆ ಮನೆಮನೆಗೂ ಬಿಸಿ ನೀರಿನ ಪೈಪು ಬರುತ್ತೆ, ಮನೆ ಬೆಚ್ಚಗಿರುತ್ತೆ. ಶಾಂಘೈ ಗೆರೆಯ ದಕ್ಷಿಣಕ್ಕಿದೆ. ಅಲ್ಲಿ ಆ ವ್ಯವಸ್ಥೆ ಇಲ್ಲ. ಹೊರಗೆ ನಾಲ್ಕೈದು ಡಿಗ್ರಿ, ಒಳಗೂ ಬಹುಪಾಲು ಅಷ್ಟೇ. ನೆಲದ ಟೈಲ್ಸ್ ಮಂಜುಗಡ್ಡೆ. ಆಗ ಕಿಟಕಿಯಿಂದ ಬರೋ ಬಿಸಿಲೇ ದೇವರು.

ಮನೆ ಒಪ್ಪಿದ ಮೇಲೆ ದುಡ್ಡಿನ ಲೆಕ್ಕ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ಹಗುರ ಅನ್ನಿಸುತ್ತೆ. ಅಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಅಡ್ವಾನ್ಸ್, ಜೊತೆಗೆ ಮೂರು ತಿಂಗಳ ಬಾಡಿಗೆ ಒಟ್ಟಿಗೆ. ಪ್ರತಿ ಮೂರು ತಿಂಗಳಿಗೊಮ್ಮೆ ಮತ್ತೆ ಮೂರು ತಿಂಗಳದ್ದು. ಬ್ರೋಕರಿಗೆ ಒಂದು ತಿಂಗಳ ಬಾಡಿಗೆಯ ಶೇಕಡ 35. ನಮ್ಮ ಬಾಡಿಗೆ 6,500. ಅಂದರೆ ಬೀಗದ ಕೈ ಸಿಗೋದಕ್ಕೆ ಮೊದಲೇ 28,000 ಯುವಾನಿಗೂ ಮೇಲೆ, ಹತ್ತಿರ ಹತ್ತಿರ 2 ಲಕ್ಷ 80 ಸಾವಿರ ರೂಪಾಯಿ. ಮೊದಲ ಸಂಬಳ ಬರೋಕೆ ಇನ್ನೂ ಇಪ್ಪತ್ತು ದಿನ ಇತ್ತು. ಹೋಗುವವರು ಇದನ್ನ ಕಂಪನಿ ಜೊತೆ ಇಲ್ಲೇ ಮಾತಾಡಿಕೊಂಡು ಹೋಗಿ.

ಇನ್ನೆರಡು ವಿಷಯ ಬರೆದಿಟ್ಟುಕೊಳ್ಳಿ. ಒಂದು, ಪೊಲೀಸ್ ನೋಂದಣಿ. ಹೋಟೆಲಿನಲ್ಲಿದ್ದರೆ ಅವರೇ ಮಾಡ್ತಾರೆ. ಬಾಡಿಗೆ ಮನೆಗೆ ಹೋದರೆ 24 ಗಂಟೆಯೊಳಗೆ ನೀವೇ ನೋಂದಾಯಿಸಬೇಕು. 2013ರ ಜುಲೈನಿಂದ ಜಾರಿಯಲ್ಲಿರೋ ಕಾನೂನು ಅದು. ಮಾಡದೇ ಇದ್ದರೆ ಎಚ್ಚರಿಕೆ ಕೊಡ್ತಾರೆ, 2,000 ಯುವಾನ್ ತನಕ ದಂಡವನ್ನೂ ಹಾಕಬಹುದು. ನಾನು ಸಾಮಾನು ಬಿಚ್ಚಿ, ಗ್ಯಾಸ್ ಹಚ್ಚಿ, ಹಾಲುಕ್ಕಿಸಿ, ನಿಧಾನಕ್ಕೆ ಮೂರನೇ ದಿನ ಹೋದೆ. ಆ ಪೊಲೀಸ್ ಹುಡುಗಿ ಬೈಯಲಿಲ್ಲ. ಕ್ಯಾಲೆಂಡರ್ ತೋರಿಸಿ ಮೂರು ಬೆರಳು ಎತ್ತಿದಳು, ಅಷ್ಟೆ. ಎಚ್ಚರಿಕೆಯಲ್ಲಿ ಮುಗಿಯಿತು. ಆ ನೋಂದಣಿ ಚೀಟಿ ಇಲ್ಲದೆ ವಾಸದ ಪರವಾನಗಿ ಆಗಲ್ಲ. ಅದಕ್ಕೆ ಮಾಲೀಕರ ಮನೆ ಪತ್ರದ ನಕಲು ಬೇಕು. ಎರಡನೆಯದು ಫಾಪಿಯಾವ್, ಅಂದರೆ ತೆರಿಗೆ ರಸೀದಿ. ನನ್ನ ಕಂಪನಿ ಭತ್ಯೆ ಕೊಡೋಕೆ ಅದನ್ನ ಕೇಳ್ತಿತ್ತು. ಕೆಲವು ಮಾಲೀಕರು ಇದೆರಡಕ್ಕೂ ಹಿಂಜರೀತಾರೆ. ಅಡ್ವಾನ್ಸ್ ಕೊಡೋ ಮುಂಚೆ ಕೇಳಿ, ಆಮೇಲೆ ಅಲ್ಲ.

ಹತ್ತು ನಿಮಿಷದ ಜಂಬ

ಅಂತೂ ಮನೆ ಆಯಿತು. ಆರನೇ ಮಹಡಿ, ಲಿಫ್ಟ್ ಇದೆ, ದಕ್ಷಿಣಕ್ಕೆ ಬಾಲ್ಕನಿ. ಆಫೀಸಿಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ. ಅದೇ ವರ್ಷ ಏಪ್ರಿಲ್‌ನಲ್ಲಿ ಮೊಬೈಕ್ ಶಾಂಘೈನಲ್ಲೇ ಶುರುವಾಗಿತ್ತು. ಬೀದಿಯಲ್ಲಿ ನಿಂತ ಕಿತ್ತಳೆ ಬಣ್ಣದ ಸೈಕಲ್ಲಿಗೆ ಮೊಬೈಲ್ ತೋರಿಸಿದರೆ ಬೀಗ ತೆರೆಯುತ್ತಿತ್ತು, ಹೋದಲ್ಲಿ ನಿಲ್ಲಿಸಿ ಹೋಗ್ತಿದ್ದೆವು. ಹಿಂಜವಡಿ ಟ್ರಾಫಿಕ್‌ನಲ್ಲಿ ಎಂಟು ವರ್ಷ ಕಳೆದವನಿಗೆ ಇದು ಸ್ವರ್ಗ. ಇಲ್ಲಿನ ಸ್ನೇಹಿತರಿಗೆ ಫೋನ್ ಮಾಡಿ, "ಹತ್ತೇ ನಿಮಿಷ ಕಣ್ರೋ" ಅಂತ ಎಷ್ಟು ಸಲ ಹೇಳಿದೆನೋ.

ಈಗ ಮಗಳ ವಿಷಯ. ಅಂತರರಾಷ್ಟ್ರೀಯ ಶಾಲೆಗಳ ಫೀಸು ಕೆಲವು ಕಡೆ ವರ್ಷಕ್ಕೆ 2 ಲಕ್ಷ ಯುವಾನ್ ದಾಟುತ್ತೆ. ನಮ್ಮ ಕೈಗೆಟುಕೋ, ಸೀಟೂ ಇದ್ದ ಶಾಲೆ ಸಿಕ್ಕಿದ್ದು ನದಿ ಆಚೆ, ಪುಶೀಯ ಪಶ್ಚಿಮ ತುದಿಯಲ್ಲಿ, ಹೋಂಗ್‌ಚಿಯಾವ್ ಕಡೆ. ಶಾಲೆ ಬಸ್ಸಿದೆಯಲ್ಲ, ತೊಂದರೆ ಏನು ಅಂದುಕೊಂಡೆ. ಬಸ್ಸು ಬೆಳಿಗ್ಗೆ 6:50ಕ್ಕೆ ಗೇಟಿಗೆ ಬರೋದು. ಒಂದೂಕಾಲು ಗಂಟೆ ದಾರಿ. ಸಂಜೆ ಮತ್ತೆ ಒಂದೂಕಾಲು ಗಂಟೆ. ಐದು ವರ್ಷದ ಮಗು. ವಾರಕ್ಕೆ ಎರಡು ಸಲವಾದರೂ ಬಸ್ಸಲ್ಲಿ ವಾಂತಿ. ನನ್ನ ಹೆಂಡತಿ ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆ, ಪ್ಲಾಸ್ಟಿಕ್ ಕವರ್ ಇಟ್ಟು ಕಳಿಸ್ತಿದ್ದಳು. ನನಗೆ ಇದೆಲ್ಲ ಗೊತ್ತಿತ್ತಾ? ಗೊತ್ತಿತ್ತು. "ಅಭ್ಯಾಸ ಆಗುತ್ತೆ ಬಿಡು" ಅಂದಿದ್ದೆ.

ಹೆಂಡತಿ ಇಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಬಂದವಳು. ಜಾಂಗ್‌ಜಿಯಾಂಗ್‌ನಲ್ಲಿ ನಾವಿದ್ದ ಕಡೆ ಹಗಲು ಹೊತ್ತು ಮಾತಾಡಿಸೋಕೆ ಒಂದು ನರಪಿಳ್ಳೆ ಇರಲಿಲ್ಲ. ಎಲ್ಲರೂ ಆಫೀಸಿಗೆ ಹೋಗಿರ್ತಾರೆ. ರಸ್ತೆ ದಾಟೋದಕ್ಕೇ ಎರಡು ನಿಮಿಷ ಬೇಕಾಗೋಷ್ಟು ಅಗಲದ ರಸ್ತೆಗಳು. ತರಕಾರಿಗೆ ಇಪ್ಪತ್ತೈದು ನಿಮಿಷ ನಡೀಬೇಕು. ಅವಳಿಗೆ ಗೊತ್ತಿದ್ದ ಚೀನೀ ಭಾಷೆ ಎರಡೇ, 'ನೀ ಹಾವ್' ಮತ್ತು 'ಶಿಯೆ ಶಿಯೆ'. ನಮಸ್ಕಾರ, ಧನ್ಯವಾದ. ಆ ನಡುವೆ ಇರೋ ಮಾತೆಲ್ಲ ಬಾಕಿ.

ನವೆಂಬರ್‌ನ ಒಂದು ದಿನ. ಬೆಳಿಗ್ಗೆಯಿಂದ ಮಳೆ. 4:45ಕ್ಕೆ ಬರಬೇಕಾದ ಬಸ್ಸು ಬರಲಿಲ್ಲ. ಐದಾಯಿತು, ಐದೂವರೆ ಆಯಿತು. ಬಸ್ಸಿನಲ್ಲಿ ಮಕ್ಕಳನ್ನ ನೋಡಿಕೊಳ್ಳೋ ಆಯಿಗೆ ಇವಳು ಫೋನ್ ಮಾಡಿದಳು. ಪುಣೆಯಲ್ಲಿ ಆಯಿ ಅಂದರೆ ತಾಯಿ, ಅಲ್ಲಿ ಆಯಿ ಅಂದರೆ ಚಿಕ್ಕಮ್ಮ. ಮನೆಕೆಲಸದವರನ್ನೂ, ವಯಸ್ಸಾದ ಹೆಂಗಸರನ್ನೂ ಹಾಗೇ ಕರೀತಾರೆ. ಆಯಿ ಏನೋ ಹೇಳಿದರು, ಇವಳಿಗೆ ಒಂದಕ್ಷರ ಅರ್ಥ ಆಗಲಿಲ್ಲ. ನನಗೆ ಫೋನ್ ಮಾಡಿದಳು. ನಾನು ಪುಣೆ ಟೀಮಿನ ಜೊತೆ ಕಾಲ್‌ನಲ್ಲಿದ್ದೆ. ಇಲ್ಲಿ ಮಧ್ಯಾಹ್ನ ಮೂರು ಅಂದರೆ ಅಲ್ಲಿ ಸಂಜೆ ಐದೂವರೆ. ಮೊಬೈಲ್ ಸೈಲೆಂಟ್. ನಾನಿದ್ದದ್ದು ಅವಳಿಂದ ಹತ್ತೇ ನಿಮಿಷದ ದೂರದಲ್ಲಿ.

ಗೇಟಿನ ವಾಚ್‌ಮನ್ ಅರವತ್ತರ ಹತ್ತಿರದ ಮನುಷ್ಯ. ಅವರು ತಮ್ಮ ಕುರ್ಚಿ ತಂದು ಇವಳಿಗೆ ಹಾಕಿದರು. ಫ್ಲಾಸ್ಕಿನಿಂದ ಬಿಸಿ ನೀರು ಬಗ್ಗಿಸಿ ಕೊಟ್ಟರು. ಅವಳ ಕೈಯಿಂದ ಫೋನ್ ತೆಗೆದುಕೊಂಡು ತಾವೇ ಆಯಿ ಜೊತೆ ಮಾತಾಡಿದರು. ಆಮೇಲೆ ಒಂದು ಕಾಗದದಲ್ಲಿ ಅಲೆಅಲೆಯಾಗಿ ನದಿ ಬರೆದು, ಕೆಳಗೆ ಒಂದು ಸುರಂಗ ಬರೆದು, ಅದರೊಳಗೆ ಸಾಲಾಗಿ ಚೌಕ ಚೌಕ ವಾಹನ ಬರೆದು ತೋರಿಸಿದರು. ನದಿ ಕೆಳಗಿನ ಸುರಂಗದಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಿದೆ, ಮಕ್ಕಳು ಕ್ಷೇಮ ಅಂತ. ಬಸ್ಸು ಬಂದದ್ದು ಆರೂವರೆಗೆ.

ನಾನು ಏಳು ಗಂಟೆಗೆ ಕಾಲ್ ಮುಗಿಸಿ ಮೊಬೈಲ್ ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ಮನೆಗೆ ಹೋದೆ. ಮಗಳು ಯೂನಿಫಾರ್ಮಿನಲ್ಲೇ ಸೋಫಾ ಮೇಲೆ ಮಲಗಿದ್ದಳು. ಹೆಂಡತಿ ಜಗಳ ಆಡಲಿಲ್ಲ. "ಈ ಮನೆ ಹುಡುಕಿದ್ದು ಯಾರಿಗೋಸ್ಕರ?" ಅಂತ ಒಂದೇ ಮಾತು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉಳಿದದ್ದು ಹತ್ತು ನಿಮಿಷ

ವಸಂತದ ಹಬ್ಬದ ರಜೆ ಮುಗಿದ ಮೇಲೆ, 2017ರ ಫೆಬ್ರವರಿಯಲ್ಲಿ ಮನೆ ಬದಲಾಯಿಸಿದೆವು. ಒಂದು ವರ್ಷದ ಕರಾರು, ಮಧ್ಯದಲ್ಲಿ ಬಿಟ್ಟದ್ದಕ್ಕೆ ಅಡ್ವಾನ್ಸ್ 6,500 ಹೋಯಿತು. ಕರಾರಿನಲ್ಲಿ ಹಾಗೇ ಬರೆದಿತ್ತು, ಮಾಲೀಕರ ತಪ್ಪಿಲ್ಲ. ಹೊಸ ಬ್ರೋಕರಿಗೆ ಮತ್ತೆ ದುಡ್ಡು. ಹೊಸ ಬಾಡಿಗೆ 8,000, ಅಂದರೆ ತಿಂಗಳಿಗೆ 1,000 ಕೈಯಿಂದ.

ಮನೆ ಪುಶೀಯಲ್ಲಿ, ಜೋಂಗ್‌ಶಾನ್ ಪಾರ್ಕ್ ಹತ್ತಿರ. ಆರು ಮಹಡಿಯ ಹಳೇ ಕಟ್ಟಡ, ಲಿಫ್ಟ್ ಇಲ್ಲ, ನಮ್ಮದು ನಾಲ್ಕನೆಯದು. ಅಕ್ಕಿ ಮೂಟೆ ಹೊತ್ತು ಹತ್ತಬೇಕು. ಬಟ್ಟೆ ಒಣಗಿಸೋಕೆ ಕಿಟಕಿಯಿಂದ ಹೊರಗೆ ಚಾಚಿದ ಕೋಲು. ಮಗಳ ಬಸ್ಸು ಈಗ ಇಪ್ಪತ್ತೈದು ನಿಮಿಷ. ನನ್ನ ದಾರಿ ಮನೆ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಐವತ್ತೈದು ನಿಮಿಷ.

ನಾವು ಐಟಿಯವರು, ಎಕ್ಸೆಲ್ ಇಲ್ಲದೆ ಊಟ ಇಳಿಯಲ್ಲ. ನಾನೂ ಲೆಕ್ಕ ಹಾಕಿದೆ. ಮೊದಲು ನನ್ನದು ದಿನಕ್ಕೆ ಇಪ್ಪತ್ತು ನಿಮಿಷ, ಮಗಳದ್ದು ನೂರೈವತ್ತು. ಒಟ್ಟು ನೂರ ಎಪ್ಪತ್ತು. ಈಗ ನನ್ನದು ನೂರ ಹತ್ತು, ಮಗಳದ್ದು ಐವತ್ತು. ಒಟ್ಟು ನೂರ ಅರವತ್ತು. ಇಷ್ಟು ದುಡ್ಡು ಕಳೆದುಕೊಂಡು, ಮೆಟ್ಟಿಲು ಹತ್ತಿ, ಉಳಿಸಿದ್ದು ದಿನಕ್ಕೆ ಹತ್ತು ನಿಮಿಷ! ಲೆಕ್ಕದಲ್ಲಿ ನೋಡಿದರೆ ಮೂರ್ಖತನ. ಆದರೆ ಮೊದಲು ಐದು ವರ್ಷದ ಮಗು ಹೊರುತ್ತಿದ್ದ ದಾರಿಯನ್ನ ಈಗ ಮೂವತ್ತೇಳು ವರ್ಷದ ಅಪ್ಪ ಹೊರುತ್ತಿದ್ದ. ಎಕ್ಸೆಲ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹೊಸ ಮನೆಗೆ ಬಂದ ಮೇಲೆ ಆ ಬದಲಿ ಬಟ್ಟೆ ಬ್ಯಾಗಿನಿಂದ ಯಾವತ್ತೂ ಹೊರಗೆ ಬರಲಿಲ್ಲ.

ಹೆಂಡತಿಗೂ ಊರು ಸಿಕ್ಕಿತು. ಜೋಂಗ್‌ಶಾನ್ ಪಾರ್ಕ್ 1914ರ ಹಳೇ ಪಾರ್ಕು. ಬೆಳಿಗ್ಗೆ ಹೋದರೆ ಒಂದು ಕಡೆ ಅಜ್ಜಿಯರ ಡ್ಯಾನ್ಸ್, ಇನ್ನೊಂದು ಕಡೆ ತೈಚಿ, ಮರದ ಕೆಳಗೆ ಇಸ್ಪೀಟು. ಕೆಳಗಿಳಿದರೆ ಹಣ್ಣಿನಂಗಡಿ, ತೋಫು ಮಾರೋರು, ಚಪ್ಪಲಿ ಹೊಲಿಯೋರು. ಬಂದ ಎರಡನೇ ದಿನ ಬೇಳೆಗೆ ಕುಕ್ಕರ್ ಇಟ್ಟಿದ್ದಾಳೆ, ಮೂರನೇ ಸೀಟಿಗೆ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆ ಆಯಿ, ಗಾಬರಿಯಲ್ಲಿ! ಗ್ಯಾಸ್ ಸಿಡಿಯುತ್ತೆ ಅಂದುಕೊಂಡಿದ್ದರಂತೆ. ಒಳಗೆ ಕರೆದು ಕುಕ್ಕರ್ ತೋರಿಸಿ, ಬಟ್ಟಲಲ್ಲಿ ಸಾರು ಕೊಟ್ಟಳು. ಮಾರನೇ ದಿನ ಅದೇ ಬಟ್ಟಲಲ್ಲಿ ಕಿತ್ತಳೆ ಹಣ್ಣು ವಾಪಸ್ ಬಂತು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅನ್ನೋದು ಅವರಿಗೂ ಗೊತ್ತು! ಆರು ತಿಂಗಳಲ್ಲಿ ಇವಳು ನನಗಿಂತ ಚೆನ್ನಾಗಿ ಚೀನೀ ಮಾತಾಡ್ತಿದ್ದಳು. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕೊಸರು ಕೇಳೋ ಮಟ್ಟಕ್ಕೆ.

ಎರಡನೇ ಲೈನು

ನನ್ನ ಐವತ್ತೈದು ನಿಮಿಷದ ಬಗ್ಗೆ ಸ್ವಲ್ಪ ಹೇಳ್ತೀನಿ. ಶಾಂಘೈ ಮೆಟ್ರೊ ಶುರುವಾದದ್ದು 1993ರಲ್ಲಿ. ಈಗ 800 ಕಿಲೋಮೀಟರ್ ದಾಟಿದೆ. ಎರಡನೇ ಲೈನು ಊರನ್ನ ಪಶ್ಚಿಮದಿಂದ ಪೂರ್ವಕ್ಕೆ ಸೀಳಿಕೊಂಡು ಪುದೋಂಗ್ ವಿಮಾನ ನಿಲ್ದಾಣದ ತನಕ ಹೋಗುತ್ತೆ. ಟಿಕೆಟ್ ಮೊದಲ ಆರು ಕಿಲೋಮೀಟರಿಗೆ 3 ಯುವಾನ್, ಆಮೇಲೆ ಪ್ರತಿ ಹತ್ತಕ್ಕೆ ಒಂದೊಂದು ಯುವಾನ್. ನನ್ನದು ನಾಲ್ಕೈದು ಯುವಾನಿನಲ್ಲಿ ಮುಗೀತಿತ್ತು. ಆಟೊ ಮೀಟರ್ ನೋಡಿ ಎದೆ ಹಿಡಿದುಕೊಳ್ಳೋ ನಮಗೆ ಇದು ಪುಕ್ಕಟೆ.

ಬೆಳಿಗ್ಗೆ ಎಂಟಕ್ಕೆ ಮಾತ್ರ ಅದು ನಮ್ಮ ಮುಂಬೈ ಲೋಕಲ್ಲಿನ ಅಕ್ಕ. ಬಾಗಿಲು ತೆರೆದಿರಲ್ಲ ಅನ್ನೋದೊಂದೇ ವ್ಯತ್ಯಾಸ. ಪ್ರತಿ ಸ್ಟೇಷನ್ನಿನಲ್ಲೂ ಬ್ಯಾಗು ಮೆಷಿನ್ನಿಗೆ ಹಾಕಬೇಕು. ನೀರಿನ ಬಾಟಲ್ ನೋಡಿದರೆ ಒಂದು ಗುಟುಕು ಕುಡಿದು ತೋರಿಸಿ ಅಂತಾರೆ. ಪೀಪಲ್ಸ್ ಸ್ಕ್ವೇರ್‌ನಲ್ಲಿ ಮೂರು ಲೈನು ಸೇರುತ್ತೆ, ಅಲ್ಲಿ ನಾವು ಇಳಿಯೋದಲ್ಲ, ನಮ್ಮನ್ನ ಇಳಿಸ್ತಾರೆ. ಲೂಜಿಯಾಜ್ವೇಯಲ್ಲಿ ಸೂಟು ಬೂಟಿನವರು ಇಳಿದು ಹೋಗ್ತಾರೆ. ಕೊನೆಗೆ ಉಳಿಯೋದು ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು ಇರೋ ನಮ್ಮ ಜಾತಿಯವರು. ಯಾವ ದೇಶ ಆದರೂ ಆ ಮುಖ ಒಂದೇ.

ಮೊದಲ ತಿಂಗಳು ಸಿಟ್ಟು ಬರ್ತಿತ್ತು. ಆಮೇಲೆ ಆ ಹೊತ್ತು ನನ್ನದಾಯಿತು. ನಿಂತುಕೊಂಡೇ ದಿನಕ್ಕೆ ಐದು ಚೀನೀ ಅಕ್ಷರ ಕಲಿತೆ. ಸ್ಟೇಷನ್ ಹೆಸರುಗಳೇ ನನ್ನ ಪಾಠದ ಪುಸ್ತಕ. ರಜೆ ದಿನ ಮೂವರೂ ಎರಡು ಯುವಾನಿನ ದೋಣಿಯಲ್ಲಿ ನದಿ ದಾಟ್ತಿದ್ದೆವು. ಸುರಂಗದಲ್ಲಿ ಸೈಕಲ್ ಬಿಡಲ್ಲ, ಹಾಗಾಗಿ ಸೈಕಲ್ಲಿನವರು, ಸ್ಕೂಟರಿನವರು ಎಲ್ಲ ದೋಣಿಗೇ ಬರ್ತಾರೆ. ಪ್ರವಾಸಿಗಳ ದುಬಾರಿ ದೋಣಿಯಲ್ಲಿ ಕಾಣೋ ನದಿಯೇ ಇಲ್ಲೂ ಕಾಣೋದು.

ಒಂದು ತೊಂದರೆ ಮಾತ್ರ ಉಳಿದೇ ಉಳಿಯಿತು. ಅದು ಶಾಂಘೈದಲ್ಲ, ಪುಣೆಯದು. ನೀವು ಇಲ್ಲಿ ಸಂಜೆ ಆರಕ್ಕೆ ಒಂದು ಕಾಲ್ ಇಟ್ಟರೆ ಅಲ್ಲಿ ರಾತ್ರಿ ಎಂಟೂವರೆ. ಒಂಬತ್ತೂವರೆಗೆ ಮುಗಿದರೆ ಮನೆ ಸೇರೋದು ಹತ್ತೂವರೆಗೆ. ಇನ್ನಷ್ಟು ಎಳೆದರೆ ಕೊನೇ ರೈಲು ತಪ್ಪುತ್ತೆ, ಟ್ಯಾಕ್ಸಿಯೇ ಗತಿ. ನಾನು ಪುಣೆಯಲ್ಲಿದ್ದಾಗ ಎಷ್ಟೋ ಸಲ ಹೀಗೆ ಕಾಲ್ ಇಟ್ಟಿದ್ದೇನೆ. ಆ ಕಡೆ ಇರುವವನ ರೈಲು ಎಷ್ಟು ಹೊತ್ತಿಗೆ ಅಂತ ಒಂದು ದಿನ ಕೇಳಿರಲಿಲ್ಲ. ಅಲ್ಲಿ ಹೋದ ಮೇಲೆ ನಾನೇ ಬಾಯಿಬಿಟ್ಟು ಕೇಳಿದೆ, ಕಾಲನ್ನ ಇಲ್ಲಿನ ಮಧ್ಯಾಹ್ನ ಒಂದೂವರೆಗೆ ಮಾಡಿ ಅಂತ. ಊಟದ ಹೊತ್ತು ಅಂತ ಎರಡು ದಿನ ಗೊಣಗಿದರು, ಆಮೇಲೆ ಒಪ್ಪಿದರು. ಬಾಯಿಬಿಟ್ಟು ಕೇಳೋಕೆ ನನಗೆ ಏಳು ತಿಂಗಳು ಬೇಕಾಯಿತು ಅನ್ನೋದೇ ನಾಚಿಕೆ.

ಹೋಗುವವರಿಗೆ

ನಾನು ಹೇಳಿದ ಬಾಡಿಗೆ ಆಗಿನದು, ಈಗಿನದನ್ನ ನೀವೇ ವಿಚಾರಿಸಿ. ಕೆಲವು ಸುಲಭವೂ ಆಗಿದೆ. 2018ರಿಂದ ಮೆಟ್ರೊ ಗೇಟಿಗೆ ಮೊಬೈಲ್ ಕೋಡ್ ತೋರಿಸಿದರೆ ಸಾಕು. ಆಗ ಅಲ್ಲಿನ ಬ್ಯಾಂಕ್ ಖಾತೆ ಆಗೋ ತನಕ ನಾವು ನೋಟು ಹಿಡಿದುಕೊಂಡು ಅಲೆದಿದ್ದೆವು, ಈಗ ಹೊರದೇಶದ ಕಾರ್ಡನ್ನೂ ಅಲಿಪೇಗೆ ಜೋಡಿಸಬಹುದು.

ಆದರೆ ಮನೆ ಹುಡುಕುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಶಾಂಘೈ ಇರಲಿ, ಹೈದರಾಬಾದ್ ಇರಲಿ, ಚೆನ್ನೈ ಇರಲಿ. ಮನೆಯಲ್ಲಿ ಎಲ್ಲಕ್ಕಿಂತ ಉದ್ದದ ದಾರಿ ಯಾರದ್ದು? ಹಗಲು ಮನೆಯಲ್ಲಿ ಉಳಿಯುವವರಿಗೆ ನಡೆದು ಹೋಗೋ ದೂರದಲ್ಲಿ ಏನಿದೆ? ಏನಾದರೂ ಹೆಚ್ಚುಕಮ್ಮಿ ಆದರೆ ಅವರ ಭಾಷೆ ಬರದೇ ಇದ್ದರೂ ಕುರ್ಚಿ ಹಾಕೋರು ಯಾರಿದ್ದಾರೆ?

ಆ ಮೂರನೆಯದನ್ನ ಬ್ರೋಕರ್ ತೋರಿಸಲ್ಲ. ನಾವು ಜಾಂಗ್‌ಜಿಯಾಂಗ್ ಬಿಡೋ ದಿನ ಆ ವಾಚ್‌ಮನ್‌ಗೆ ಒಂದು ಡಬ್ಬಿ ಸಿಹಿ ಕೊಟ್ಟೆವು. ಅವರು ನಮ್ಮ ಸಾಮಾನು ವ್ಯಾನಿಗೆ ಹಾಕೋದಕ್ಕೆ ಕೈಜೋಡಿಸಿದರು. ನದಿ, ಸುರಂಗ, ಚೌಕಗಳಿರೋ ಆ ಕಾಗದವನ್ನ ನನ್ನ ಹೆಂಡತಿ ಪಾಸ್‌ಪೋರ್ಟಿನ ಕವರಿನಲ್ಲಿಟ್ಟುಕೊಂಡಿದ್ದಾಳೆ, ಇವತ್ತಿಗೂ ಇದೆ. ಅವಳು ಅಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ನಾನು ಹೇಳಿದ್ದರಲ್ಲಿ ಸುಳ್ಳೇನಾದರೂ ಇದ್ದರೆ ಊಟದ ಹೊತ್ತಿಗೆ ನಿಮಗೆ ಹೇಳ್ತಾಳೆ.

ಬಾತ್ ಆರುತ್ತೆ, ಏಳೋಣ.